ಸತ್ತ ಕಣಗಳೂ ಹೊಳೆಯುತ್ತವೆ

ಚೌಕದೊಳಗೆ ಹನ್ನೊಂದು ಚುಕ್ಕಿಗಳಿದ್ದವು. ಹನ್ನೊಂದೇ. ಅವಳು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು, ಗಾಜಿನ ಮೇಲಿನ ಧೂಳಿಗೂ ಪರದೆಯ ಮೇಲಿನ ಚುಕ್ಕಿಗಳಿಗೂ ಏನೋ ಸಂಬಂಧ ಇದ್ದೀತು ಎಂಬಂತೆ. ಹನ್ನೊಂದು ಹನ್ನೊಂದಾಗಿಯೇ ಉಳಿಯಿತು. ಇದಕ್ಕೆ ಮುಂಚೆ ಓಡಿಸಿದ ಕೊಳವೆ, ಮೂವತ್ತಾರನೇ ನಂಬರಿನವರದ್ದು, ಅದೇ ಚೌಕದಲ್ಲಿ ಆರುನೂರಕ್ಕೂ ಹೆಚ್ಚು ಚುಕ್ಕಿಗಳನ್ನು ತೋರಿಸಿತ್ತು, ಇರುವೆ ಮುತ್ತಿದ ಹಾಗೆ. ಒಂದೊಂದು ಚುಕ್ಕಿಯೂ ಒಂದೊಂದು ಬಿಳಿ ರಕ್ತಕಣ. ಕೂದಲೆಳೆಯಷ್ಟು ಸಣ್ಣ ದಾರಿಯಲ್ಲಿ ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ವೈರಸ್ಸಿನ ಮೈಮೇಲಿನ ಮುಳ್ಳನ್ನು ಲಸಿಕೆ ಒಮ್ಮೆ ತೋರಿಸಿಕೊಟ್ಟಿದೆ, ಅದನ್ನು ನೆನಪಿಟ್ಟುಕೊಂಡಿರುವ ಕಣ ಮಾತ್ರ ಬಣ್ಣ ಹಿಡಿದು ಹೊಳೆದು ಚೌಕದೊಳಗೆ ಬಂದು ಬೀಳುತ್ತದೆ, ಉಳಿದವು ಕೆಳಗೆ ಬೂದಿಯ ಗುಡ್ಡೆಯ ಹಾಗೆ ಬಿದ್ದಿರುತ್ತವೆ. ಲಸಿಕೆ ಹಾಕಿಸಿಕೊಂಡು ರಕ್ತ ಕೊಟ್ಟವರಿಗೆ ಇಲ್ಲಿ ಹೆಸರಿಲ್ಲ, ನಂಬರು. ಅವಳಿಗೆ ಎಲ್ಲ ನಂಬರುಗಳೂ ಒಂದೇ ಆಗಿರಬೇಕಿತ್ತು. ಆದರೆ ನಲವತ್ತೊಂದು ಅಕ್ಕನದು ಎಂದು ಅವಳಿಗೆ ಗೊತ್ತಿತ್ತು, ಅಕ್ಕನೇ ಚೀಟಿ ತೋರಿಸಿ, "ನೋಡೇ, ನಂಗೆ ನಲವತ್ತೊಂದು ಬಂದಿದೆ, ನನ್ನ ವಯಸ್ಸಿಗಿಂತ ಎಂಟು ಕಮ್ಮಿ ಮಾಡಿದಾರೆ, ಒಳ್ಳೆ ಜನ," ಎಂದು ನಕ್ಕಿದ್ದಳು, ಮತ್ತು ಹೋದ ವರ್ಷ ಇದೇ ನಲವತ್ತೊಂದರ ಇದೇ ರಕ್ತದಲ್ಲಿ, ಇದೇ ಚೌಕದಲ್ಲಿ ಅವಳು ನಾನೂರು ಚುಕ್ಕಿಗಳನ್ನು ಈ ಎರಡೇ ಕಣ್ಣುಗಳಿಂದ ನೋಡಿದ್ದಳು.

"ಏನ್ರೀ, ಆಗಿನಿಂದ ಅದನ್ನೇ ದಿಟ್ಟಿಸ್ತಿದೀರಾ, ದಿಟ್ಟಿಸಿದ್ರೆ ಮರಿ ಹಾಕ್ತವಾ?" ಎಂದರು ಹಿಂದಿನಿಂದ. ಲೇಸರ್ ಮಾಮ. ಆ ಕೋಣೆ, ಆ ಯಂತ್ರ, ಅದರ ಮೇಲಿನ ಬಟ್ಟೆಯ ಹೊದಿಕೆ ಕೂಡ ಅವರದ್ದೇ ಎಂಬಂತೆ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಇದ್ದವರು. "ಯಂತ್ರ ಸರಿ ಇದೆಯಾ ಮಾಮ?" "ಬೆಳಿಗ್ಗೆ ಪರೀಕ್ಷೆ ಮಣಿ ಓಡಿಸಿ ನೋಡಿದೀನಿ. ನಿಮಗಿಂತ ನನಗಿಂತ ಸರಿ ಇದೆ." ಅವಳು ಸುಮ್ಮನಿರಬಹುದಿತ್ತು. ಆದರೆ ಕೈ ತಾನಾಗಿ ಹೋದ ವರ್ಷದ ಫೈಲು ಹುಡುಕಿ ತೆರೆಯಿತು, ಪಕ್ಕಪಕ್ಕಕ್ಕೆ ಇಟ್ಟಿತು, ಮತ್ತು ಮಾಮ ಬಗ್ಗಿ ನೋಡಿ ಕ್ಷಣಾರ್ಧದಲ್ಲಿ, ರಸ್ತೆಯಲ್ಲಿ ಹೋಗುವವನ ನಡಿಗೆ ನೋಡಿಯೇ ಇವನಿಗೆ ಮಂಡಿನೋವು ಎನ್ನುವ ಹಾಗೆ, ಎಂದುಬಿಟ್ಟರು: "ಇದು ಯಾರು ಓಡಿಸಿದ್ದು? ಸಾವಿನ ಬಣ್ಣ ಹಾಕೇ ಇಲ್ವಲ್ಲ ಇದಕ್ಕೆ."

ಸಾವಿನ ಬಣ್ಣ ಎಂದರೆ ಸತ್ತ ಕಣದೊಳಗೆ ಮಾತ್ರ ನುಗ್ಗುವ ಬಣ್ಣ. ಬದುಕಿರುವ ಕಣದ ಗೋಡೆ ಅದನ್ನು ಹೊರಗೇ ನಿಲ್ಲಿಸುತ್ತದೆ. ಅದನ್ನು ಹಾಕಿದರೆ ಸತ್ತವೆಲ್ಲ ಬೇರೆ ಕಾಣುತ್ತವೆ, ಅವನ್ನು ಪಕ್ಕಕ್ಕೆ ತಳ್ಳಿ ಉಳಿದವನ್ನು ನೋಡಬಹುದು. ಮೊದಲ ವಾರವೇ ಕಲಿಸುವ ಪಾಠ. "ಅಭ್ಯಾಸಕ್ಕೆ ಓಡಿಸಿದ್ದು," ಎಂದಳು. "ಅಭ್ಯಾಸವೇ ಸರಿ. ನೋಡಿ ಇಲ್ಲಿ, ಎಲ್ಲ ಮುದುಡಿಕೊಂಡು ಸಣ್ಣಗಾಗಿವೆ, ಮೈಯೆಲ್ಲ ಒರಟು, ಸತ್ತವರ ಮೆರವಣಿಗೆ ಇದು. ಸತ್ತ ಕಣದಷ್ಟು ಧಾರಾಳಿ ಯಾರೂ ಇಲ್ಲ ಕಣ್ರೀ, ಯಾವ ಬಣ್ಣ ಕೊಟ್ರೂ ಬೇಡ ಅನ್ನಲ್ಲ, ಎಲ್ಲ ಮೆತ್ತಿಸ್ಕೊಂಡು ಥಳಥಳ ಅಂತ ಹೊಳೀತವೆ. ಹೊಸಬರು ನೋಡಿ ಹಿಗ್ಗಿಬಿಡ್ತಾರೆ." ಅವರು ನಕ್ಕರು. ಅವಳು ಹೊಸಬಳಾಗಿರಲಿಲ್ಲ, ಹೋದ ವರ್ಷಕ್ಕೇ ಅವಳಿಗೆ ಆರು ವರ್ಷದ ಸರ್ವೀಸು. "ಅಳಿಸಿಬಿಡಿ, ಸುಮ್ನೆ ಜಾಗ ತಿನ್ನುತ್ತೆ," ಎಂದು ಮಾಮ ಲೋಟ ತೊಳೆಯಲು ಹೋದರು. ಬೆರಳು ಮೌಸಿನ ಮೇಲೆ ಇತ್ತು. ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆ ಓಟ ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಅವಳು ತಾನೇ ಒಂದು ಹೆಚ್ಚುವರಿ ಕೊಳವೆ ತೆಗೆದು, ಊಟದ ಬಿಡುವಿನಲ್ಲಿ, ಯಾರನ್ನೂ ಕೇಳದೆ ಓಡಿಸಿದ್ದು. ಅಳಿಸಲಿಲ್ಲ. ಧೈರ್ಯದಿಂದಲ್ಲ, ಅಳಿಸಲೂ ಒಂದು ಧೈರ್ಯ ಬೇಕಲ್ಲ, ಅದು ಇರಲಿಲ್ಲ ಅಷ್ಟೆ.

ಹೋದ ವರ್ಷದ ಆ ದಿನ, ಹೆಪ್ಪುಗಟ್ಟಿದ ಕೊಳವೆಯನ್ನು ನೈಟ್ರೋಜನ್ ಡಬ್ಬಿಯಿಂದ ತೆಗೆದು ಬಿಸಿನೀರಿನ ತೊಟ್ಟಿಯಲ್ಲಿ ಅಲ್ಲಾಡಿಸುತ್ತಿದ್ದಾಗ ಫೋನು ಬಂದಿತ್ತು. ಮಂಜು ಬಟಾಣಿ ಕಾಳಿನಷ್ಟು ಉಳಿದಾಗಲೇ ತೆಗೆದು ತಕ್ಷಣ ತೊಳೆಯಬೇಕು. ಮಂಜಿನಲ್ಲಿ ಕಣಗಳನ್ನು ಕಾಪಾಡುವ ದ್ರವವೇ ಕರಗಿದ ಮೇಲೆ ಅವುಗಳಿಗೆ ವಿಷ, ನಿಮಿಷ ನಿಮಿಷಕ್ಕೂ ಕೊಲ್ಲುತ್ತದೆ. ಫೋನಿನಲ್ಲಿ ಅಕ್ಕ. ಅವಳಿಗೆಂದು ಹೊಲಿಯುತ್ತಿದ್ದ ಅಂಗಿಯ ತೋಳು ಮೊಣಕೈ ತನಕ ಬೇಕಾ, ಮುಂಗೈ ತನಕ ಬೇಕಾ, ಜೇಬು ಒಂದೇ ಸಾಕಾ, ಜೇಬಿಲ್ಲದ ಅಂಗಿ ಹಾಕಿಕೊಂಡು ನೀನು ಪೆನ್ನು ಎಲ್ಲಿ ಸಿಕ್ಕಿಸ್ಕೋತೀಯೇ, ಕಿವಿಗಾ. ಇಬ್ಬರೂ ನಕ್ಕಿದ್ದರು. ಆಮೇಲೆ ಅಕ್ಕ ದನಿ ತಗ್ಗಿಸಿ ಕೇಳಿದ್ದಳು, ಸೂಜಿ ಹಾಕಿಸ್ಕೊಂಡಾಗ ಮಾತ್ರೆ ಬಿಡಬೇಕಿತ್ತಂತೆ, ಬಿಡ್ಲಿಲ್ಲವಲ್ಲ, ದಂಡವಾಯ್ತೇನೋ. ಅವಳು, ಇರು, ನಾನೇ ನೋಡಿ ಹೇಳ್ತೀನಿ ಎಂದಿದ್ದಳು. ಹಾಗೆ ಹೇಳುತ್ತಿದ್ದ ಹೊತ್ತಿನಲ್ಲಿ, ಮೇಜಿನ ಮೇಲೆ, ಅಕ್ಕನ ಕಣಗಳು ಅಕ್ಕನ ದನಿಯ ಪಕ್ಕದಲ್ಲೇ ಸಾಯುತ್ತಿದ್ದವು. ಎಷ್ಟು ಹೊತ್ತು ಮಾತಾಡಿದ್ದರು? ಹದಿನೈದು ನಿಮಿಷ? ಇಪ್ಪತ್ತು? ಆಮೇಲೆ ಊಟದ ಬಿಡುವು ಮುಗಿಯುತ್ತಿದೆ ಎಂಬ ಅವಸರ. ಸಾವಿನ ಬಣ್ಣದ ಶೀಶೆ ಬೇರೆ ಫ್ರಿಜ್ಜಿನಲ್ಲಿತ್ತು, ಕಾರಿಡಾರಿನ ಆ ತುದಿಯಲ್ಲಿ. ಒಂದು ಸಲಕ್ಕೆ ತಾನೇ ಎಂದುಕೊಂಡಳು.

ಅಕ್ಕನ ಕೀಲುಗಳು ಮೂವತ್ತೆಂಟನೇ ವಯಸ್ಸಿನಲ್ಲೇ ಹಿಡಿಯಲು ಶುರುವಾದವು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದೆ, ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕೈ ಮುಳುಗಿಸಿಕೊಂಡು ಕೂರುತ್ತಿದ್ದಳು. ಹೊಲಿಗೆಯವಳ ಬೆರಳು. ವಾರಕ್ಕೊಂದು ದಿನದ ಆ ಮಾತ್ರೆ ಬಂದ ಮೇಲೆ ಬೆರಳು ಮತ್ತೆ ದಾರ ಹಿಡಿಯಿತು. ಮೈಯೇ ಮೈಯನ್ನು ಕಚ್ಚುತ್ತಿರುವ ಕಾಯಿಲೆ, ಮಾತ್ರೆ ಆ ಕಚ್ಚುವ ಕಣಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಆದರೆ ಅದಕ್ಕೆ ಒಳ್ಳೆಯ ಕಣ ಯಾವುದು ಕೆಟ್ಟ ಕಣ ಯಾವುದು ತಿಳಿಯುವುದಿಲ್ಲ. ಲಸಿಕೆ ತೋಳಿನೊಳಗೆ ಹೋಗುವುದು ಒಂದು ಬರಹದ ಹಾಗೆ, ಮುಳ್ಳು ಮಾಡುವುದು ಹೇಗೆಂದು ಬರೆದ ಚೀಟಿ, ಸ್ವಲ್ಪ ದಿನದಲ್ಲೇ ಕರಗಿ ಹೋಗುತ್ತದೆ. ಅಷ್ಟರಲ್ಲಿ ಕಣಗಳು ಓದಿ ಮುಳ್ಳು ಮಾಡುತ್ತವೆ, ಕಾವಲು ಕಣಗಳು ಆ ಮುಳ್ಳನ್ನು ಎತ್ತಿಕೊಂಡು ಕಂಕುಳಿನ ಗಂಟಿಗೆ ಓಡುತ್ತವೆ, ಅಲ್ಲಿ ಕಾದು ಕುಳಿತ ಸಾವಿರಾರು ಕಣಗಳಲ್ಲಿ ಯಾವುದೋ ಒಂದೆರಡಕ್ಕೆ ಅದು ಹೊಂದುತ್ತದೆ, ಹೊಂದಿದ್ದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು, ವಾರಗಟ್ಟಲೆ ಅಲ್ಲಿ ತಾಲೀಮು ನಡೆಯುತ್ತದೆ, ಸರಿಯಾಗಿ ಹಿಡಿಯಲು ಬಾರದವು ಅಲ್ಲೇ ಸಾಯುತ್ತವೆ, ಉಳಿದವು ನೆನಪಾಗಿ ಮೈಯೆಲ್ಲ ಅಲೆಯುತ್ತವೆ. ಆ ಎರಡಾಗುವ ಹೊತ್ತಿನಲ್ಲೇ ಮಾತ್ರೆ ಬಂದು ಕೈ ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಕೀಲಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದು, ಸೂಜಿಯಾದ ಮೇಲೆ ಎರಡು ವಾರ ಮಾತ್ರೆ ನಿಲ್ಲಿಸಿ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದು ಸಂಜೆ ಅಕ್ಕನ ಮನೆಗೆ ಹೋಗಿದ್ದಳು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ.

ಅಲ್ಲಿ ಭಾವ ಎಂದಿನಂತೆ, "ಬಂದಳಪ್ಪ ನಮ್ಮ ನಾದಿನಿ, ಇವತ್ತು ಎಷ್ಟು ಬಕೆಟ್ ರಕ್ತ ಒಗೆದ್ಯಮ್ಮ?" ಎಂದಿದ್ದರು. ಒಳ್ಳೆಯ ಮನುಷ್ಯ, ಬಸ್ಸು ಓಡಿಸಿ ಸುಸ್ತಾಗಿ ಬಂದವರು, ಆ ಜೋಕು ಅವರಿಗೆ ಆರು ವರ್ಷದಿಂದ ಹಳತಾಗಿರಲಿಲ್ಲ. ಎಲ್ಲರೂ ನಗುತ್ತಿದ್ದರು, ಅವಳೂ. ಆ ಮನೆಯಲ್ಲಿ ಅವಳು ಏನು ಕೆಲಸ ಮಾಡುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ, ಮತ್ತು ಅಂದು ಅವಳು ನಗದೆ, ಚಪ್ಪಲಿ ಕೂಡ ಬಿಡದೆ, ಬಾಗಿಲಲ್ಲೇ ನಿಂತು ಹೇಳಿದಳು: "ಅಕ್ಕ, ನಿನ್ನ ಕಣಗಳನ್ನ ನಾನೇ ನೋಡಿದೆ. ನಾನೂರು! ಮಾತ್ರೆಗೀತ್ರೆ ಏನೂ ಮಾಡಿಲ್ಲ." ಹೊಲಿಗೆ ಯಂತ್ರ ನಿಂತಿತು. ಭಾವ ಟೀವಿಯ ದನಿ ಕಡಿಮೆ ಮಾಡಿದರು. ಟೀವಿಯ ದನಿ! ಆರು ವರ್ಷದಲ್ಲಿ ಮೊದಲ ಸಲ ಅವಳ ಮಾತಿಗೆ. "ನೋಡಬಹುದಾ ಅದನ್ನೆಲ್ಲ? ಕಣ್ಣಲ್ಲಿ?" "ನೋಡ್ದೆ ಭಾವ, ಒಂದೊಂದೂ." ಅಕ್ಕ ಎದ್ದು ಬಂದು ಅವಳ ಕೆನ್ನೆಗೆ ತನ್ನ ಡೊಂಕು ಬೆರಳುಗಳನ್ನು ಒತ್ತಿದ್ದಳು. ಈಗ ಲೇಸರ್ ಕೋಣೆಯ ತಣ್ಣನೆಯ ಗಾಳಿಯಲ್ಲಿ ಕುಳಿತಿರುವಾಗ ನೆನಪಾದದ್ದು ಆ ಬೆರಳಲ್ಲ, ಆ ಟೀವಿಯ ದನಿ ಇಳಿದದ್ದು, ಇಳಿದಾಗ ತನ್ನೊಳಗೆ ಏನೋ ಎದ್ದು ನಿಂತದ್ದು. ಅಕ್ಕನಿಗೆ ಸಮಾಧಾನ ಆಗಲಿ ಎಂದು ಹೇಳಿದ್ದಲ್ಲ ಅದು. ಸಮಾಧಾನಕ್ಕೆಂದೇ ಹೇಳಿದ್ದೆ ಎಂದು ಒಂದು ವರ್ಷ ನಂಬಿಕೊಂಡಿದ್ದಳು.

ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಹದಿನೆಂಟು ದಿನ ಹಾಸಿಗೆ, ಅದರಲ್ಲಿ ಐದು ದಿನ ಆಸ್ಪತ್ರೆ, ಮೂಗಿಗೆ ಕೊಳವೆ. ಈಗಲೂ ಒಂದು ಮಹಡಿ ಹತ್ತಿದರೆ ನಡುವೆ ನಿಂತು, ಗೋಡೆಯ ಮೇಲಿನ ಏನನ್ನೋ ನೋಡುವ ನೆಪ ಮಾಡುತ್ತಾಳೆ. ಬಂದವರಿಗೆಲ್ಲ ಅಕ್ಕ ಹೇಳಿದ್ದು ಒಂದೇ ಮಾತು, "ನನ್ನ ಕಣ ಗಟ್ಟಿ ಇತ್ತು, ಅದಕ್ಕೇ ಉಳಿದೆ, ನನ್ನ ತಂಗಿ ಕಣ್ಣಾರೆ ನೋಡಿದಾಳೆ." ಅವಳು ಆ ಮಾತನ್ನು ಕೇಳುತ್ತ ಹಣ್ಣು ಸುಲಿಯುತ್ತಿದ್ದಳು, ಹೆಮ್ಮೆಯಿಂದ.

ಮಧ್ಯಾಹ್ನ ಅವಳು ಲ್ಯಾಬಿನ ಮುಖ್ಯಸ್ಥೆ ಮೇಡಮ್ಮಿನ ಕೋಣೆಯ ಬಾಗಿಲಲ್ಲಿ ನಿಂತು, "ನಲವತ್ತೊಂದು ತುಂಬ ಕಮ್ಮಿ ಬಂದಿದೆ," ಎಂದಳು. ಮೇಡಂ ಪರದೆಯಿಂದ ಕಣ್ಣು ತೆಗೆಯದೆ, "ಬರ್ಲಿ. ಆ ಮಾತ್ರೆ ತಗೊಳ್ಳೋರಲ್ಲಿ ಕೆಲವರಿಗೆ ಕಮ್ಮಿನೇ ಬರುತ್ತೆ. ಒಬ್ಬರದ್ದು ನೋಡಿ ಏನೂ ಹೇಳೋಕಾಗಲ್ಲ, ಇಡೀ ಗುಂಪು ನೋಡಬೇಕು." "ಅವರಿಗೆ ಹೇಳಬಹುದಾ ಮೇಡಂ? ಅಂದ್ರೆ, ಆ ವ್ಯಕ್ತಿಗೆ." ಆಗ ಮೇಡಂ ತಿರುಗಿದರು. "ಯಾರಿಗೂ ಹೇಳೋ ಹಾಗಿಲ್ಲ, ಸಹಿ ಹಾಕಿದೀಯಲ್ಲ. ಯಾಕೆ, ಗೊತ್ತಿದಾರಾ ಯಾರಾದ್ರೂ?" "ಇಲ್ಲ ಮೇಡಂ." "ನೀನು ಯೋಚನೆ ಮಾಡೋಕೆ ಹೋಗಬೇಡಮ್ಮ, ಅದಕ್ಕೆ ನಾವಿದೀವಿ. ನಿನ್ನ ಕೈ ಚೆನ್ನಾಗಿದೆ, ಅದು ನಮಗೆ ಬೇಕು." ಹೊಗಳಿದ್ದು. ಕಾರಿಡಾರಿನಲ್ಲಿ ನಡೆಯುತ್ತ ಆ ಕೈಯನ್ನು ನೋಡಿಕೊಂಡಳು, ಕೈಗವಸಿನ ಪುಡಿ ಬೆರಳ ಸಂದಿಯಲ್ಲಿ ಬೆಳ್ಳಗೆ ಉಳಿದಿತ್ತು. ಯಾರಿಗೂ ಹೇಳುವ ಹಾಗಿಲ್ಲ. ಎಷ್ಟು ಒಳ್ಳೆಯ ನಿಯಮ, ಒಂದು ಕ್ಷಣ ಅದರ ಹಿಂದೆ ಬಚ್ಚಿಟ್ಟುಕೊಳ್ಳಬಹುದು ಅನ್ನಿಸಿತು. ಒಂದು ಸಲ ಮುರಿದ ನಿಯಮವನ್ನು ಈಗ ಪಾಲಿಸಿದರೆ ಲೆಕ್ಕ ಸರಿಹೋಗುತ್ತದೆ ಎಂಬಂತೆ. ನಾಲ್ಕು ಗಂಟೆಗೆ ಅಕ್ಕನಿಗೆ ಮೂರನೇ ಸೂಜಿ. ನಾಳೆ ಗುರುವಾರ, ಅಕ್ಕನ ಮಾತ್ರೆಯ ದಿನ.

ಆರೋಗ್ಯ ಕೇಂದ್ರದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಅಕ್ಕ ಆಗಲೇ ಚುಚ್ಚಿಸಿಕೊಂಡು, ತೋಳಿಗೆ ಹತ್ತಿ ಒತ್ತಿಕೊಂಡು, ಅರ್ಧ ಗಂಟೆ ಕೂರಿ ಎಂದಿದ್ದರಿಂದ ಕಿಟಕಿಯ ಪಕ್ಕ ಕೂತಿದ್ದಳು. "ಬಂದ್ಯಾ ಮಹಾರಾಯ್ತಿ. ನಾನು ಅಳ್ತೀನೇನೋ, ಕೈ ಹಿಡ್ಕೊಳ್ಳೋಕೆ ಬರ್ತಾಳೆ ಅಂತ ಕಾದೆ. ಆ ನರ್ಸು ಚುಚ್ಚಿದ್ದೇ ಗೊತ್ತಾಗ್ಲಿಲ್ಲ, ನನ್ನ ಹತ್ರ ಹೊಲಿಗೆ ಕಲಿಯೋಕೆ ಬಾಮ್ಮ, ಸೂಜಿ ಹಿಡಿಯೋ ಕೈ ನಿಂದು ಅಂದೆ." ಅವಳು ಪಕ್ಕದಲ್ಲಿ ಕೂತಳು. ಅಕ್ಕನ ತೋಳಿನ ಆ ಸಣ್ಣ ಚುಕ್ಕಿಯ ಕೆಳಗೆ ಈಗಲೇ ಚೀಟಿ ಬಿಚ್ಚಿಕೊಳ್ಳುತ್ತಿರಬೇಕು, ಓದುತ್ತಿರಬೇಕು, ಇನ್ನೊಂದೆರಡು ದಿನದಲ್ಲಿ ಕಂಕುಳಿನಲ್ಲಿ ಯಾವುದೋ ಒಂಟಿ ಕಣ ಎರಡಾಗಲು ಮೈ ಹಿಗ್ಗಿಸಿಕೊಳ್ಳುತ್ತದೆ. ನಾಳೆ ಬೆಳಿಗ್ಗೆ ತಿಂಡಿಯ ನಂತರ ಅಕ್ಕ ಮಾತ್ರೆ ನುಂಗಿದರೆ ಅದು ಒಂಟಿಯಾಗಿಯೇ ಉಳಿಯುತ್ತದೆ.

"ಅಕ್ಕ, ಈ ಸಲ ಮಾತ್ರೆ ಬಿಟ್ಟುಬಿಡು. ಎರಡು ವಾರ." ಎಷ್ಟು ಹಗುರಾಗಿ ಬಂತು ಮಾತು, ಅಷ್ಟು ಸಾಕಾಗಲಿ ಎಂದು ಹಾರೈಸಿದಳು.

"ಯಾಕೆ? ಹೋದ ಸಲ ಬಿಡ್ದೆನೇ ಚೆನ್ನಾಗಿ ಬಂದಿತ್ತಲ್ಲ."

"ಆದ್ರೂ. ಡಾಕ್ಟರು ಹೇಳಿದಾರಲ್ಲ."

"ಡಾಕ್ಟರಿಗೇನು, ಅವರು ಹೊಲೀತಾರಾ? ನೂರಿಪ್ಪತ್ತು ಸ್ಕೂಲ್ ಅಂಗಿ ಕೂತಿದೆ ಮನೇಲಿ. ಎರಡು ವಾರ ಬಿಟ್ರೆ ಗುಂಡಿ ಹಾಕೋಕೂ ನಿಮ್ಮ ಭಾವನ್ನ ಕೂರಿಸ್ಕೋಬೇಕು, ಅವರು ಗುಂಡಿನ ಬೆನ್ನಿಗೆ ಹಾಕ್ತಾರೆ." ಅಕ್ಕ ತಾನೇ ನಕ್ಕು, ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತಾಯಿತು. "ನೀನೇ ನೋಡಿದೀಯಲ್ಲೇ. ನಾನೂರು."

ಎದುರಿನ ಗೋಡೆಯಲ್ಲಿ ಕೈ ತೊಳೆಯುವ ಕ್ರಮದ ಚಿತ್ರವಿತ್ತು, ಏಳು ಹಂತ. ಅವಳು ಐದನೆಯ ಹಂತವನ್ನು ನೋಡುತ್ತ ಹೇಳಿದಳು, "ನಾನು ನೋಡಿದ್ದು ಸರಿ ಇರಲಿಲ್ಲ ಅಕ್ಕ."

"ಅಂದ್ರೆ?"

"ಅವು ಸತ್ತಿದ್ವು. ನಾನೇ ಸಾಯಿಸಿದ್ದೆ, ಹೊರಗೆ ಬಿಟ್ಟು. ಸತ್ತ ಕಣಗಳೂ ಹೊಳೀತವೆ. ಬೇರೆ ಮಾಡಿ ನೋಡ್ಬೇಕಿತ್ತು, ನೋಡ್ಲಿಲ್ಲ. ಇವತ್ತು ಅದೇ ರಕ್ತದ ಇನ್ನೊಂದು ಕೊಳವೆ ಸರಿಯಾಗಿ ನೋಡ್ದೆ. ಹನ್ನೊಂದಿದೆ."

"ಹನ್ನೊಂದು ನೂರಾ?"

"ಹನ್ನೊಂದು."

ಅಕ್ಕ ತೋಳಿನಿಂದ ಹತ್ತಿ ತೆಗೆದು ನೋಡಿ, ರಕ್ತ ನಿಂತಿದೆ ಎಂದು ಖಾತ್ರಿ ಮಾಡಿಕೊಂಡು, ಹತ್ತಿಯನ್ನು ನಾಲ್ಕು ಮಡಿಕೆ ಮಾಡಿದಳು. ಬೈದರೆ ಆಗುತ್ತಿತ್ತು. ಚಿಕ್ಕವಳಿದ್ದಾಗ ಕತ್ತರಿ ಮುಟ್ಟಿದ್ದಕ್ಕೆ ಬೆನ್ನಿಗೆ ಬೀಳುತ್ತಿದ್ದ ಹಾಗೆ ಒಂದು ಬಿದ್ದರೂ ಆಗುತ್ತಿತ್ತು. ಅವಳು ಕಾದಳು. ಜ್ವರದ ಆ ಹದಿನೆಂಟು ದಿನಗಳನ್ನು ಅಕ್ಕ ಈಗ ಒಳಗೆ ಮತ್ತೆ ಎಣಿಸುತ್ತಿದ್ದಾಳೆ ಎಂದುಕೊಂಡಳು, ಅದಕ್ಕೆ ಬೇಕಾದ ಕ್ಷಮೆಯ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಆದರೆ ಅಕ್ಕ ಎಣಿಸುತ್ತಿದ್ದದ್ದು ಬೇರೆ.

"ಕೀಲಿನ ಆಸ್ಪತ್ರೆ ಸಾಲಲ್ಲಿ ನಾವು ಆರು ಜನ," ಎಂದಳು ಅಕ್ಕ. "ತಿಂಗಳಿಗೊಂದು ಸಲ ಸಿಗ್ತೀವಿ, ಎಲ್ಲರಿಗೂ ಅದೇ ಮಾತ್ರೆ. ಎಲ್ಲರಿಗೂ ನಾನೇ ಹೇಳ್ದೆ."

"ಏನಂತ?"

"ಇನ್ನೇನಂತ? ನೀನು ನಂಗೆ ಹೇಳಿದ್ದನ್ನೇ. ಬಿಡೋದೇನೂ ಬೇಡ್ರೀ, ಸುಮ್ನೆ ಯಾಕೆ ನೋವು ತಿಂತೀರಿ, ನನ್ನ ತಂಗಿ ಕಣ್ಣಾರೆ ನೋಡಿದಾಳೆ ಅಂತ." ಹತ್ತಿ ಎಂಟು ಮಡಿಕೆಯಾಯಿತು. "ಟೀಚರಮ್ಮ ಅಂತ ಒಬ್ಬರಿದ್ರು. ತುಂಬ ನಿಯಮದೋರು. ಮಾತ್ರೆ ಬಿಡೋ ದಿನ ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿಟ್ಕೊಂಡಿದ್ರು. ನಾನೇ ಹಟ ಹಿಡಿದು ಬಿಡಿಸ್ದೆ. ಮಾತ್ರೆನ ಅಲ್ಲ, ಗುರುತನ್ನ. ಅವರು ಇನ್ನೊಂದು ಸಲ ಡಾಕ್ಟರನ್ನ ಕೇಳ್ತೀನಿ ಅಂದ್ರು, ಡಾಕ್ಟರು ಪುಸ್ತಕ ನೋಡಿ ಹೇಳ್ತಾರೆ, ನನ್ನ ತಂಗಿ ರಕ್ತ ನೋಡಿ ಹೇಳ್ತಾಳೆ ಅಂದೆ."

"ಅವರು ಈಗ?"

"ನಾನು ಆಸ್ಪತ್ರೇಲಿದ್ದಾಗಲೇ ಹೋದ್ರು. ಅದೇ ಜ್ವರ."

ಹಾಲಿನಲ್ಲಿ ಯಾರದೋ ನಂಬರು ಕೂಗಿದರು. ಅವಳ ಬಾಯಲ್ಲಿ ಮಾತುಗಳು ಸಾಲುಗಟ್ಟಿ ಬಂದವು, ಅವರಿಗೆ ವಯಸ್ಸಾಗಿತ್ತೇನೋ, ಮಾತ್ರೆ ಬಿಟ್ಟವರಲ್ಲೂ ಕೆಲವರಿಗೆ ಕಣ ಏಳುವುದಿಲ್ಲ, ಒಬ್ಬರದ್ದು ನೋಡಿ ಏನೂ ಹೇಳೋಕಾಗಲ್ಲ. ಕೊನೆಯದನ್ನು ಹೇಳಿಯೇಬಿಟ್ಟಳು, ಮೇಡಮ್ಮಿನ ದನಿಯಲ್ಲೇ.

"ಅದನ್ನ ಆವತ್ತು ಹೇಳ್ಬೇಕಿತ್ತು," ಎಂದಳು ಅಕ್ಕ. ಸಿಟ್ಟಿಲ್ಲದೆ, ಬಟ್ಟೆ ಅಳತೆ ತಪ್ಪಿ ಬಂದಾಗ ಹೇಳುವ ಹಾಗೆ. ಚೀಲದಿಂದ ಫೋನು ತೆಗೆದು, ಹೆಬ್ಬೆರಳು ಸರಿಯಾಗಿ ಒತ್ತಲಾರದೆ ಎರಡೆರಡು ಸಲ ಒತ್ತಿ, ಒಂದು ನಂಬರು ಹುಡುಕಿ ಅವಳ ಕೈಗೆ ಇಟ್ಟಳು. "ಇನ್ನು ನಾಲ್ಕು ಜನ ಇದಾರೆ. ಇವರಿಗೆ ನಾಳಿದ್ದು ಸೂಜಿ. ಮಾತಾಡು."

"ನೀನೇ ಹೇಳಕ್ಕ. ನಿನ್ನ ಸ್ನೇಹಿತರಲ್ವಾ."

"ನಾನು ಹೇಳಿದ್ರೆ ಯಾಕೆ ನಂಬ್ತಾರೆ? ನನ್ನ ಮಾತು ಅಂತ ನಂಬಿದ್ರಾ ಅವರು?"

ಆ ಕಡೆ ಫೋನು ಎತ್ತಿದ ದನಿ ದೊಡ್ಡದು, ಹಿಂದೆ ನಲ್ಲಿ ಸುರಿಯುವ ಸದ್ದು. "ಹೇಳಿ ಟೈಲರಮ್ಮ!" "ನಾನು ಅವರ ತಂಗಿ." "ಅಯ್ಯೋ, ನೀವಾ! ಕಣ ನೋಡೋರು!" ನಲ್ಲಿ ನಿಂತಿತು. "ಎಷ್ಟು ದಿನದಿಂದ ಮಾತಾಡ್ಬೇಕು ಅಂತಿದ್ದೆ ಗೊತ್ತಾ? ನಿಮ್ಮಿಂದ ಎಷ್ಟು ಧೈರ್ಯ ಬಂತು ನಮಗೆಲ್ಲ. ನಂದೂ ಒಂದು ಸಲ ನೋಡ್ಬಿಡಿ ತಾಯಿ, ಪುಣ್ಯ ಬರುತ್ತೆ." ಅವಳು ಕಣ್ಣು ಮುಚ್ಚಿದಳು. ತಾನು ಬಯಸಿದ್ದು ಇದೇ ದನಿಯಲ್ಲವೇ, ಇಷ್ಟು ವರ್ಷ, ಆ ಮನೆಯಿಂದ, ಆ ಕಾರಿಡಾರಿನಿಂದ. "ನಾನು ನೋಡಿದ್ದು ತಪ್ಪು," ಎಂದಳು. "ಆಂ? ಸರಿಯಾಗಿ ಕೇಳಿಸ್ತಿಲ್ಲ." "ತಪ್ಪಾಗಿ ನೋಡಿದ್ದೆ. ಅಕ್ಕನಿಗೆ ಕಣ ಬಂದಿರಲಿಲ್ಲ. ಸತ್ತ ಕಣ ನೋಡಿ ಬಂದಿದೆ ಅಂದೆ." ಜೋರಾಗಿಯೇ ಹೇಳಬೇಕಾಯಿತು, ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು, ನರ್ಸು ಕೂಡ. "ಡಾಕ್ಟರು ಮಾತ್ರೆ ನಿಲ್ಲಿಸಿ ಅಂದಿದ್ರೆ ನಿಲ್ಲಿಸಿ. ಅನುಮಾನ ಇದ್ರೆ ಅವರನ್ನೇ ಕೇಳಿ. ನನ್ನನ್ನ ಕೇಳಬೇಡಿ."

ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದಳು. ಫೋನಿನ ದನಿ ಈಗ ದೊಡ್ಡದಾಗಿರಲಿಲ್ಲ. "ಹಾಗಾದ್ರೆ ಟೀಚರಮ್ಮ?"

ಅದು ಯಾವ ಯಂತ್ರದಲ್ಲೂ ಇರಲಿಲ್ಲ. ಟೀಚರಮ್ಮ ಯಾವ ನಂಬರೂ ಆಗಿರಲಿಲ್ಲ, ಅವರ ಒಂದು ಹನಿಯೂ ಯಾವ ಡಬ್ಬಿಯಲ್ಲೂ ಹೆಪ್ಪುಗಟ್ಟಿರಲಿಲ್ಲ.

"ಗೊತ್ತಿಲ್ಲ," ಎಂದಳು. "ನನಗೆ ಗೊತ್ತಿಲ್ಲ ಅಮ್ಮ."

ಆ ಕಡೆಯವರು ಫೋನು ಇಡಲಿಲ್ಲ. ಅವಳೂ ಇಡಲಿಲ್ಲ.